ಅಪ್‌ಡೇಟ್: ಹತ್ತೇ ನಿಮಿಷಕ್ಕೆ ಆಫ್ ಆಗುತ್ತಿದ್ದ ಯೆಜ್ಡಿ

ಹಿಂದಿನ ಪೋಸ್ಟಿನಲ್ಲಿ ಕೇಳಿದ್ದು ಇಷ್ಟು: ಮಲೆನಾಡಿನ ಹೊಸನಗರದ ಕೊಟ್ಟಿಗೆಯಲ್ಲಿ 4 ಮಳೆಗಾಲ ಕಂಡ, ಹ್ಯಾಂಡಲ್ ಸೀಟು ಎಲ್ಲ ಮಾರ್ಪಾಡಾದ ಯೆಜ್ಡಿ ರೋಡ್‌ಕಿಂಗ್ ಬೈಕು. ಒಂದೇ ಕಿಕ್ಕಿಗೆ ಸ್ಟಾರ್ಟ್, 10 ನಿಮಿಷಕ್ಕೆ ಆಫ್. ಕಾಯಿಲ್ (ಪ್ಲಗ್ಗಿನ ಕಿಡಿಗೆ ಕರೆಂಟು ಕೊಡುವ ಭಾಗ) ಬದಲಿಸಿ ಎಂದವರೇ ಹೆಚ್ಚು. ಕಾಯಿಲ್ ಸರಿಯಾಗೇ ಇತ್ತು.

ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ಸಡಿಲಿಸಿದರೆ ಸುಯ್ ಅಂತ ಗಾಳಿ ಎಳೆದುಕೊಂಡಿತು, ಮತ್ತೆ ಸ್ಟಾರ್ಟ್. ಮುಚ್ಚಳದ ಗಾಳಿತೂತಿಗೆ ಕುಂಬಾರಹುಳ ಮಣ್ಣು ಮೆತ್ತಿತ್ತು! ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಹೋಗದಿದ್ದರೆ ಕಾರ್ಬ್ಯುರೇಟರ್ ಬೌಲ್ (ಎಂಜಿನ್ನಿಗೆ ಹೋಗುವ ಮುನ್ನ ಪೆಟ್ರೋಲ್ ನಿಲ್ಲುವ ಬಟ್ಟಲು) ಬರಿದಾಗಿ ಗಾಡಿ ಆಫ್ ಆಗುತ್ತದೆ. ಸೂಜಿಯಲ್ಲಿ ಬಿಡಿಸಿದ್ದಾಯ್ತು, ಖರ್ಚು ಸೊನ್ನೆ.

ಟ್ಯಾಂಕಿನ ತುಕ್ಕು ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಪೆಟ್ರೋಲ್ ಕಾಕ್ (ಟ್ಯಾಂಕಿನ ಅಡಿಯ ನಲ್ಲಿ) ಬಿಚ್ಚಿ, ತೂತಿಗೆ ಬಿರಡೆ ಹಾಕಿ, ಬಿಳಿ ವಿನೆಗರ್ ಕಂಠಮಟ್ಟ ತುಂಬಿ 2 ದಿನ ಬಿಡಬೇಕು. ನಡುವೆ ಒಂದು ಹಿಡಿ ನಟ್ಟು ಹಾಕಿ ಕುಲುಕಿ (ಎಣಿಸಿ ಹಾಕಿ, ಎಣಿಸಿ ತೆಗೆಯಿರಿ). ಆಮೇಲೆ ಅಡುಗೆಸೋಡಾ ನೀರು, ಕೊನೆಗೆ ಬರೀ ನೀರು. ನಮ್ಮ ಮಳೆ ಹವೆಗೆ ತೊಳೆದ ತಗಡು ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತದೆ. ಹೇರ್ ಡ್ರೈಯರ್ ಹಿಡಿದು ಒಣಗಿಸಿ, ತಕ್ಷಣ 100 ಮಿ.ಲೀ. ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಸುರಿದು ಒಳಗೆಲ್ಲ ಆಡಿಸಿ.

ಪಾಯಿಂಟ್ ಗ್ಯಾಪ್ (ಕಿಡಿ ಹಾರುವ ಹೊತ್ತಿಗೆ ತೆರೆಯುವ ಸ್ವಿಚ್ಚಿನ ಸಂದು) 0.4 ಮಿ.ಮೀ., ಪೆಟ್ರೋಲ್ ಲೀಟರಿಗೆ ಅದೇ ಟೂ-ಟಿ ಆಯಿಲ್ 40 ಮಿ.ಲೀ. ಬಾಕಿ ಇರುವುದು ವೈರಿಂಗ್: ಮಾರ್ಪಾಡು ಮಾಡಿದವರು ಜಾಯಿಂಟಿಗೆ ಬರೀ ಟೇಪು ಸುತ್ತಿದ್ದಾರೆ, ಒಳಗೆ ತಾಮ್ರ ಹಸಿರು ಹಿಡಿದಿದೆ.