ಕಲಬುರಗಿಯಲ್ಲಿ ಕೌನ್ಸೆಲಿಂಗ್ ಶುರು ಮಾಡಬೇಕು, ಬೋರ್ಡಿನ ಮೇಲೆ ಏನು ಬರೆಸಲಿ?

ಸೈಕಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಕೌನ್ಸೆಲಿಂಗ್ ನನ್ನ ಇಷ್ಟದ ವಿಷಯ. ಕಲಬುರಗಿಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿಯಬೇಕೆಂದಿದ್ದೇನೆ. ಮನೆಯಲ್ಲಿ ‘ಹುಚ್ಚರ ಡಾಕ್ಟರ್ ಆಗ್ತೀ ಏನು?’ ಎನ್ನುತ್ತಾರೆ. ಗೆಳತಿ ‘ಎಂ.ಫಿಲ್ ಇಲ್ಲದೆ ನೀನು ಸೈಕಾಲಜಿಸ್ಟೇ ಅಲ್ಲ’ ಎನ್ನುತ್ತಾಳೆ. ಹಾಗಾದರೆ ನಾನು ಯಾರು? ಈ ಕೆಲಸದಲ್ಲಿ ಇರುವವರು ದಯವಿಟ್ಟು ಅನುಭವ ಹೇಳಿ.

ಕಲಬುರಗಿಯಿಂದ, ಹನ್ನೊಂದು ವರ್ಷದಿಂದ ಇದೇ ಕೆಲಸ

ನಿಮ್ಮ ಗೆಳತಿಯ ಮಾತು ಅರ್ಧ ಸರಿ. ‘ಕ್ಲಿನಿಕಲ್ ಸೈಕಾಲಜಿಸ್ಟ್’, ಅಂದರೆ ಮಾನಸಿಕ ಕಾಯಿಲೆಗಳನ್ನು ಪರೀಕ್ಷಿಸಿ ಮಾತ್ರೆಯಿಲ್ಲದೆ ಚಿಕಿತ್ಸೆ ಕೊಡುವವರು, ಎಂದಂತೂ ಬರೆಸಬೇಡಿ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಒಪ್ಪಿದ ಓದು ಮತ್ತು ನೋಂದಣಿ ಬೇಕು. ಆ ಹೆಸರು ಯಾರಿಗೆ ಸಲ್ಲುತ್ತದೆ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಇದೆ. ನಮ್ಮ ಕಡೆಯ ಹುಡುಗರು ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಹೋಗಿ ಎರಡು ವರ್ಷ ಎಂ.ಫಿಲ್ ಮಾಡಿದ್ದು ಅದಕ್ಕೇ. ಆದರೆ ನೀವು ಸೈಕಾಲಜಿಸ್ಟೇ ಅಲ್ಲ ಅನ್ನುವುದು ತಪ್ಪು. 2021ರಲ್ಲಿ ಬಂದ, ವೈದ್ಯರ ಜೊತೆಗೆ ದುಡಿಯುವ ಆರೋಗ್ಯ ಸಿಬ್ಬಂದಿಯ, ಅಂದರೆ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ಆರ್‌ಸಿಐ ಅಡಿ ಬರುವವರನ್ನು ಬಿಟ್ಟು ಉಳಿದ ಸೈಕಾಲಜಿಸ್ಟ್‌ಗಳನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಅದರ ನೋಂದಣಿಯ ಸುದ್ದಿ ಗಮನಿಸುತ್ತಿರಿ.

ಕಾನೂನಿನ ಮಾತು ಅಷ್ಟು ಸಾಕು. ನನ್ನನ್ನು ಇನ್ನೂ ಕಾಡುವುದು ಬೇರೆ. ಮೊದಲ ವರ್ಷ ಸೇಡಂ ಕಡೆಯ ಒಬ್ಬ ಪಿಯುಸಿ ಹುಡುಗ ಬಂದಿದ್ದ. ನಿದ್ದೆ ಇಲ್ಲ, ಓದು ತಲೆಗೆ ಹತ್ತುತ್ತಿಲ್ಲ. ಪರೀಕ್ಷೆಯ ಭಯ ಅಂದುಕೊಂಡೆ. ಎರಡನೇ ಸಲ ಬಂದಾಗ, ಯಾರೂ ಇಲ್ಲದಿದ್ದರೂ ಯಾರೋ ಬೈಯುವ ದನಿ ಕೇಳಿಸುತ್ತದೆ ಎಂದ. ಅವತ್ತೇ ಮನೋವೈದ್ಯರ ಹತ್ತಿರ ಕಳಿಸಬೇಕಿತ್ತು. ಮಾತಿನಿಂದಲೇ ಸರಿಹೋಗಬಹುದು ಎಂದು ಇನ್ನೂ ಎರಡು ವಾರ ಇಟ್ಟುಕೊಂಡೆ. ಆ ಎರಡು ವಾರ ಅವನು ಪಟ್ಟ ಕಷ್ಟಕ್ಕೆ ನಾನೇ ಹೊಣೆ. ಮಾತ್ರೆ ಶುರುವಾದ ಮೇಲೆ ಅವನು ಮತ್ತೆ ನನ್ನ ಹತ್ತಿರ ಬಂದ. ತಪ್ಪಿಹೋದ ವರ್ಷ, ಗೆಳೆಯರ ಮಾತು, ಅಪ್ಪನ ಮೌನ, ಇವುಗಳ ಬಗ್ಗೆ ನಾವು ಆರು ತಿಂಗಳು ಮಾತಾಡಿದೆವು. ನನ್ನ ಕೆಲಸ ಯಾವುದು, ಯಾವುದಲ್ಲ ಎಂದು ಆಗ ತಿಳಿಯಿತು.

ನಮ್ಮ ವೃತ್ತಿಯ ಬೇರು ಆಸ್ಪತ್ರೆಯಲ್ಲಿಲ್ಲ. 1908ರಲ್ಲಿ ಬೋಸ್ಟನ್‌ನಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬುವರು ಹುಡುಗರಿಗೆ ತಕ್ಕ ಉದ್ಯೋಗ ಹುಡುಕಿಕೊಳ್ಳಲು ನೆರವಾಗುವ ಕಚೇರಿ ತೆರೆದರು. ಅಲ್ಲಿಂದ ಬೆಳೆದದ್ದು ಇದು. ಬಂದವರನ್ನು ‘ರೋಗಿ’ ಎನ್ನದೆ ‘ಕ್ಲೈಂಟ್’ ಎಂದು ಕರೆಯುವುದನ್ನು ರೂಢಿಗೆ ತಂದವರಲ್ಲಿ ಅಮೆರಿಕದ ಸೈಕಾಲಜಿಸ್ಟ್ ಕಾರ್ಲ್ ರೋಜರ್ಸ್ ಮುಖ್ಯರು. ಹಾಗಾಗಿ ನಿಮ್ಮ ಮನೆಯವರಿಗೆ ಹೇಳಿ: ಬದುಕು ಒಂದು ಕಡೆ ಸಿಕ್ಕಿಹಾಕಿಕೊಂಡವರು ಇಲ್ಲಿಗೆ ಬರುತ್ತಾರೆ, ಅವರಿಗೆ ಕಾಯಿಲೆಯೇ ಇರಬೇಕೆಂದಿಲ್ಲ.

ಬೀದರ್‌ನಿಂದ, ಶಾಲೆಯೊಂದರ ಕೌನ್ಸೆಲರ್

ನಮ್ಮ ಕಡೆ ‘ಕೌನ್ಸೆಲಿಂಗ್’ ಅಂದರೆ ಜನರಿಗೆ ಮೊದಲು ನೆನಪಾಗುವುದು ಸಿಇಟಿ ಸೀಟು, ಇಲ್ಲವೇ ಮೇಷ್ಟ್ರುಗಳ ವರ್ಗಾವಣೆ. ಒಬ್ಬ ತಂದೆ ಮಗಳ ಮಾರ್ಕ್ಸ್ ಕಾರ್ಡ್, ರ್‍ಯಾಂಕ್ ಪತ್ರ ಎಲ್ಲ ಹಿಡಿದುಕೊಂಡೇ ಬಂದಿದ್ದರು. ‘ಆಪ್ತ ಸಮಾಲೋಚನೆ’ ಎಂದೂ ಸೇರಿಸಿ ಬರೆಸಿ. ಉರ್ದುವಿನಲ್ಲೂ ಒಂದು ಸಾಲು ಇರಲಿ. ಇಲ್ಲಿನ ಉರ್ದು, ಅಂದರೆ ದಖ್ಖನಿ ಮಾತಾಡುವ ತಾಯಂದಿರು ದುಃಖವನ್ನು ಕನ್ನಡದಲ್ಲಿ ಹೇಳಲು ತಡವರಿಸುತ್ತಾರೆ. ಅವರ ಮಾತಲ್ಲೇ ಕೇಳಿದರೆ ಹತ್ತು ನಿಮಿಷದಲ್ಲಿ ವಿಷಯ ಹೊರಗೆ ಬರುತ್ತದೆ.

ಯಾದಗಿರಿಯಿಂದ

ಊರು ಚಿಕ್ಕದು, ಗುಟ್ಟು ಉಳಿಸುವುದೇ ದೊಡ್ಡ ಕೆಲಸ. ಸೊಸೆ ಬಂದು ಹೋದ ಮರುದಿನ ಅತ್ತೆ ಬಂದು ‘ಆಕಿ ಏನಂದ್ಲು, ಹೇಳ್ರಿ’ ಎಂದು ಕೂರುತ್ತಾರೆ. ಹೇಳಬೇಡಿ. ಫೀಸು ಅತ್ತೆಯೇ ಕೊಟ್ಟಿದ್ದರೂ ಹೇಳಬೇಡಿ. ಆದರೆ ಜೀವಕ್ಕೆ ಅಪಾಯ ಇದೆ ಅನಿಸಿದರೆ ಮನೆಯವರಿಗೆ ತಿಳಿಸುತ್ತೇನೆ ಎಂದು ಮೊದಲ ದಿನವೇ ಕ್ಲೈಂಟ್‌ಗೆ ಹೇಳಿಬಿಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಗೋಡೆಯ ಮೇಲೆ ದೊಡ್ಡದಾಗಿ ಹಾಕಿ. ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಇರುತ್ತದೆ.

ಇನ್ನೊಂದು. ಗಾಣಗಾಪುರಕ್ಕೋ ಬಂದೇನವಾಜ್ ದರ್ಗಾಕ್ಕೋ ಹೋಗಿ ಬಂದೆವು ಎಂದರೆ ಬೈಯಬೇಡಿ. ಅಲ್ಲಿ ಅವರಿಗೆ ಏನು ಸಮಾಧಾನ ಸಿಕ್ಕಿತು ಎಂದು ಕೇಳಿ. ಮಾತು ಶುರುವಾಗುವುದೇ ಅಲ್ಲಿಂದ. ವೈದ್ಯರು ಕೊಟ್ಟ ಮಾತ್ರೆ ಮಾತ್ರ ನಿಲ್ಲಿಸದಂತೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ‘ಕೌನ್ಸೆಲಿಂಗ್ ಸೈಕಾಲಜಿಸ್ಟ್, ಆಪ್ತ ಸಮಾಲೋಚನೆ’ ಎಂದು ಬರೆಸುತ್ತೇನೆ, ಕೆಳಗೆ ಉರ್ದುವಿನಲ್ಲಿ ಒಂದು ಸಾಲು. ಆ ಪಿಯುಸಿ ಹುಡುಗನ ಕಥೆ ಓದಿ ಸ್ವಲ್ಪ ಹೆದರಿಕೆಯೂ ಆಯಿತು. ನನಗೆ ಅಂಥ ಕೇಸ್ ಬಂದರೆ ಯಾರನ್ನು ಕೇಳಲಿ?

ಕಲಬುರಗಿಯಿಂದ

ನಾವು ನಾಲ್ಕು ಜನ ಶನಿವಾರ ಸಂಜೆ ಸೇರುತ್ತೇವೆ. ಹೆಸರು, ಊರು ಹೇಳದೆ ವಾರದ ಕಷ್ಟದ ಕೇಸುಗಳನ್ನು ಮುಂದಿಡುತ್ತೇವೆ. ಒಬ್ಬ ಮನೋವೈದ್ಯರೂ ತಿಂಗಳಿಗೊಮ್ಮೆ ಬರುತ್ತಾರೆ. ನೀವೂ ಬನ್ನಿ. ಬೋರ್ಡು ಬರೆಸುವ ಮೊದಲೇ ಬನ್ನಿ.