ಥಿಂಕ್‌ಸೆಂಟರ್‌ನ 14 ಪಿನ್ ಎಸ್‌ಎಂಪಿಎಸ್ ಜಾಗದಲ್ಲಿ ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್ ಹಾಕಬಹುದೇ?

ಬೆಟಗೇರಿ ಸ್ಟುಡಿಯೋ:

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ ಮತ್ತು ಜಾತ್ರೆಗಳ ವಿಡಿಯೋ ಎಡಿಟಿಂಗ್‌ಗೆ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಲೆನೊವೊ ಥಿಂಕ್‌ಸೆಂಟರ್ ಟವರ್ ಬಳಸುತ್ತಿದ್ದೇವೆ. ಪ್ರೊಸೆಸರ್ ಕೋರ್ ಐ5-4570. ಕಂಪ್ಯೂಟರಿನಲ್ಲಿ ಯಾವ ದೋಷವೂ ಇಲ್ಲ. ಆದರೆ ರೆಂಡರಿಂಗ್ ಬೇಗ ಮುಗಿಯಲೆಂದು ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಹಾಕಬೇಕೆಂದಿದ್ದೇವೆ. ಆ ಕಾರ್ಡಿಗೆ ಪ್ರತ್ಯೇಕವಾಗಿ 8 ಪಿನ್ ವಿದ್ಯುತ್ ಬೇಕು, ಈಗಿರುವ 280 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಡಬ್ಬಿಯಲ್ಲಿ) ಅಂಥ ಕೇಬಲ್ ಇಲ್ಲ.

ತೊಡಕು ಇರುವುದು ಇಲ್ಲಿ: ಮದರ್‌ಬೋರ್ಡಿನ ಮುಖ್ಯ ಕನೆಕ್ಟರ್ 14 ಪಿನ್‌ನದು, ಅಂಗಡಿಯಲ್ಲಿ ಸಿಗುವ ಎಟಿಎಕ್ಸ್ (ಡೆಸ್ಕ್‌ಟಾಪ್ ಕಂಪ್ಯೂಟರುಗಳ ಸಾಮಾನ್ಯ ಮಾನದಂಡ) ಎಸ್‌ಎಂಪಿಎಸ್‌ಗಳದ್ದು 24 ಪಿನ್‌ನದು. ಹಾರ್ಡ್ ಡಿಸ್ಕಿಗೂ ವಿದ್ಯುತ್ ಮದರ್‌ಬೋರ್ಡಿನಿಂದಲೇ ಹೋಗುತ್ತಿದೆ. ಆನ್‌ಲೈನ್‌ನಲ್ಲಿ ಸಿಗುವ 24ರಿಂದ 14 ಪಿನ್ ಅಡಾಪ್ಟರ್ ಕೇಬಲ್ ನಂಬಬಹುದೇ? ಅಥವಾ ಹಳೆಯ ಎಸ್‌ಎಂಪಿಎಸ್ ಇಟ್ಟುಕೊಂಡು, ಹಾರ್ಡ್ ಡಿಸ್ಕಿಗೆ ವಿದ್ಯುತ್ ಕೊಡುವ ಸಾಟಾ ಕನೆಕ್ಟರನ್ನು 8 ಪಿನ್ ಆಗಿ ಬದಲಿಸುವ ಕೇಬಲ್ ಹಾಕಿದರೆ ಸಾಕೇ?

ಧಾರವಾಡ ಹಾರ್ಡ್‌ವೇರ್:

ಸರ್, ನಿಮ್ಮ ಎರಡನೆಯ ಉಪಾಯವನ್ನು ದಯವಿಟ್ಟು ಈಗಲೇ ಕೈಬಿಡಿ. ಒಂದು ಸಾಟಾ ವಿದ್ಯುತ್ ಕನೆಕ್ಟರ್ 12 ವೋಲ್ಟ್‌ನಲ್ಲಿ 4.5 ಆಂಪಿಯರ್, ಅಂದರೆ 54 ವ್ಯಾಟ್ ಮಾತ್ರ ತಡೆದುಕೊಳ್ಳುವಂತೆ ತಯಾರಾಗಿರುತ್ತದೆ. ಗ್ರಾಫಿಕ್ಸ್ ಕಾರ್ಡಿನ 8 ಪಿನ್‌ಗೆ 150 ವ್ಯಾಟ್‌ವರೆಗೆ ಎಳೆದುಕೊಳ್ಳುವ ಅವಕಾಶವಿರುತ್ತದೆ. ಗಂಟೆಗಟ್ಟಲೆ ರೆಂಡರಿಂಗ್ ನಡೆದರೆ ಕನೆಕ್ಟರ್ ಕಾದು ಕರಗಬಹುದು.

ಅಡಾಪ್ಟರ್ ಕೇಬಲ್‌ನ ಮಾತಿಗೆ ಬರೋಣ. 24 ಪಿನ್‌ಗಳೆಂದರೆ 24 ಬೇರೆ ಬೇರೆ ಕೆಲಸಗಳಲ್ಲ. ಹೆಚ್ಚಿನವು ಒಂದೇ ವೋಲ್ಟೇಜನ್ನು ಅಥವಾ ಗ್ರೌಂಡನ್ನು ಹಂಚಿಕೊಂಡು ಒಯ್ಯುವ ತಂತಿಗಳು. ಉಳಿದವುಗಳಲ್ಲಿ ಮೂರನ್ನು ಚೆನ್ನಾಗಿ ತಿಳಿದಿರಬೇಕು. ನೇರಳೆ ತಂತಿಯಲ್ಲಿ ಕಂಪ್ಯೂಟರ್ ಆಫ್ ಇದ್ದಾಗಲೂ 5 ವೋಲ್ಟ್ ಇರುತ್ತದೆ, ಇದೇ ಸ್ಟ್ಯಾಂಡ್‌ಬೈ. ನೀವು ಮುಂದಿನ ಬಟನ್ ಒತ್ತಿದಾಗ ಮದರ್‌ಬೋರ್ಡ್ ಆ 5 ವೋಲ್ಟ್‌ನ ಬಲದಿಂದಲೇ ಹಸಿರು ತಂತಿಯನ್ನು ಗ್ರೌಂಡಿಗೆ ಸೇರಿಸುತ್ತದೆ, ಆಗ ಎಸ್‌ಎಂಪಿಎಸ್ ಪೂರ್ತಿಯಾಗಿ ಎಚ್ಚರಗೊಳ್ಳುತ್ತದೆ. ಎಲ್ಲ ವೋಲ್ಟೇಜ್‌ಗಳೂ ಸ್ಥಿರವಾದ ಮೇಲೆ ಬೂದು ತಂತಿಯಲ್ಲಿ 'ಪವರ್ ಗುಡ್' ಸಂಕೇತ ಬಂದ ನಂತರವೇ ಪ್ರೊಸೆಸರ್ ಕೆಲಸ ಆರಂಭಿಸುತ್ತದೆ. 14 ಪಿನ್ ಬೋರ್ಡುಗಳೂ ಇದೇ ಕ್ರಮವನ್ನು ಅನುಸರಿಸುವುದರಿಂದ ಅವುಗಳ ಅಡಾಪ್ಟರ್‌ನಲ್ಲಿ ತಂತಿಗಳ ಜಾಗ ಬದಲಾಗಿರುತ್ತದೆಯೇ ಹೊರತು ಬೇರೆ ಸರ್ಕ್ಯೂಟ್ ಇರುವುದಿಲ್ಲ.

ಇದನ್ನು ಓದಿದ ಇತರರು, ತಮ್ಮ ಬೇರೆ ಕಂಪನಿಯ ಕಂಪ್ಯೂಟರಿಗೂ ಇದೇ ನಿಯಮ ಎಂದು ತಿಳಿಯಬಾರದು. ಕೆಲವು ಬ್ರಾಂಡೆಡ್ ಕಂಪ್ಯೂಟರುಗಳಲ್ಲಿ ಎಸ್‌ಎಂಪಿಎಸ್ ಕೊಡುವುದೇ 12 ವೋಲ್ಟ್ ಮಾತ್ರ, ಸ್ಟ್ಯಾಂಡ್‌ಬೈ ಕೂಡ ಸುಮಾರು 12 ವೋಲ್ಟ್. ಅಲ್ಲಿ ಎಟಿಎಕ್ಸ್‌ನ 5 ವೋಲ್ಟನ್ನು ಏರಿಸುವ ಸಣ್ಣ ಸರ್ಕ್ಯೂಟ್ ಅಡಾಪ್ಟರ್‌ನಲ್ಲಿ ಇರಲೇಬೇಕು. ಕನೆಕ್ಟರಿನ ಆಕಾರ ಹೊಂದಿದ ಮಾತ್ರಕ್ಕೆ ಒಳಗಿನ ಜೋಡಣೆ ಹೊಂದುತ್ತದೆ ಎನ್ನಲಾಗದು. 1990ರ ದಶಕದ ಕೊನೆಯಲ್ಲಿ ಡೆಲ್ ಕಂಪ್ಯೂಟರುಗಳಲ್ಲಿ ನೋಡಲು ಎಟಿಎಕ್ಸ್‌ನಂತೆಯೇ ಇದ್ದ 20 ಪಿನ್ ಕನೆಕ್ಟರಿನಲ್ಲಿ ತಂತಿಗಳ ಸ್ಥಾನ ಬೇರೆಯೇ ಆಗಿತ್ತು. ಅದಕ್ಕೆ ಸಾಮಾನ್ಯ ಎಸ್‌ಎಂಪಿಎಸ್ ಜೋಡಿಸಿದರೆ ಬೋರ್ಡ್ ಸುಡುವ ಅಪಾಯವಿತ್ತು.

ಆದ್ದರಿಂದ ನಿಮ್ಮ ಹಳೆಯ ಎಸ್‌ಎಂಪಿಎಸ್‌ನ ಲೇಬಲ್ ಮೇಲೆ ಸ್ಟ್ಯಾಂಡ್‌ಬೈ 5 ವೋಲ್ಟ್ ಎಂದೇ ಇದೆಯೇ ನೋಡಿ. ಅಡಾಪ್ಟರ್ ಬಂದ ಮೇಲೆ ಅದರ ತಂತಿಗಳ ಬಣ್ಣವನ್ನು ನಂಬದೆ, ಯಾವ ಪಿನ್ ಯಾವುದಕ್ಕೆ ಹೋಗಿದೆ ಎಂಬುದನ್ನು ಮಲ್ಟಿಮೀಟರಿನ ಕಂಟಿನ್ಯೂಟಿಯಲ್ಲಿ ಒಂದೊಂದಾಗಿ ಪರೀಕ್ಷಿಸಿ, ನಿಮ್ಮ ಹಳೆಯ ಕನೆಕ್ಟರಿನ ಜೊತೆ ತಾಳೆ ನೋಡಿ. ನಿಮ್ಮ ಪ್ರೊಸೆಸರ್ 84 ವ್ಯಾಟ್, ಕಾರ್ಡ್ 125 ವ್ಯಾಟ್ ವರ್ಗದ್ದು. ಒಳ್ಳೆಯ 450 ವ್ಯಾಟ್ ಎಸ್‌ಎಂಪಿಎಸ್ ಧಾರಾಳವಾಗಿ ಸಾಕು.

ಹಾವೇರಿ ಲ್ಯಾಬ್ ಶಿಕ್ಷಕ:

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ದುಡ್ಡು ಕೊಡುವ ಮೊದಲು ಟೇಪ್ ಹಿಡಿದು ಅಳೆಯಿರಿ: ಎಟಿಎಕ್ಸ್ ಎಸ್‌ಎಂಪಿಎಸ್‌ನ ಅಗಲ 150, ಎತ್ತರ 86 ಮಿಲಿಮೀಟರ್, ಉದ್ದ 140 ಅಥವಾ ಹೆಚ್ಚು. ನಾಲ್ಕು ಸ್ಕ್ರೂಗಳ ಜಾಗವೂ ಹೊಂದಬೇಕು. ತೆಳ್ಳಗಿನ ಕ್ಯಾಬಿನೆಟ್ ಆಗಿದ್ದರೆ ಇದು ಒಳಗೆ ಕೂರುವುದೇ ಇಲ್ಲ.

ನಮ್ಮ ಭಾಗದಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಮಳೆಯ ದಿನಗಳಲ್ಲಿ ಕರೆಂಟ್ ಹೋಗಿ ಬರುವುದು ಸಾಮಾನ್ಯವಾದ್ದರಿಂದ ನೀವು ಯುಪಿಎಸ್ ಬಳಸುತ್ತಿರಬಹುದು. ಆಕ್ಟಿವ್ ಪಿಎಫ್‌ಸಿ (ಮೇನ್ಸ್‌ನಿಂದ ಕರೆಂಟ್ ಎಳೆಯುವ ರೀತಿಯನ್ನು ಸರಿಪಡಿಸುವ ಸರ್ಕ್ಯೂಟ್) ಇರುವ ಕೆಲವು ಎಸ್‌ಎಂಪಿಎಸ್‌ಗಳು ಅಗ್ಗದ ಯುಪಿಎಸ್‌ನ ಚೌಕ ತರಂಗಕ್ಕೆ ಹೊಂದಿಕೊಳ್ಳದೆ, ಕರೆಂಟ್ ಹೋದ ಕ್ಷಣವೇ ಕಂಪ್ಯೂಟರ್ ಆಫ್ ಆಗುತ್ತದೆ. ಮುಖ್ಯ ಕೆಲಸವನ್ನು ಸೇವ್ ಮಾಡಿಕೊಂಡು ಒಮ್ಮೆ ಯುಪಿಎಸ್‌ನ ಪ್ಲಗ್ ಕಿತ್ತು ಪರೀಕ್ಷಿಸಿ.

ಬೆಟಗೇರಿ ಸ್ಟುಡಿಯೋ:

ಇಬ್ಬರಿಗೂ ಧನ್ಯವಾದಗಳು. ಲೇಬಲ್ ಮೇಲೆ ಸ್ಟ್ಯಾಂಡ್‌ಬೈ 5 ವೋಲ್ಟ್ ಎಂದೇ ಇದೆ, ಕ್ಯಾಬಿನೆಟ್ ಅಳತೆಯೂ ಹೊಂದುತ್ತದೆ. ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಹಾರ್ಡ್ ಡಿಸ್ಕಿನ ವಿದ್ಯುತ್ತನ್ನು ಮದರ್‌ಬೋರ್ಡಿನಿಂದಲೇ ಮುಂದುವರಿಸಬೇಕೇ?

ಹುಬ್ಬಳ್ಳಿ ಸರ್ವಿಸ್:

ಬೇಡ ಸರ್, ಹೊಸ ಎಸ್‌ಎಂಪಿಎಸ್‌ನ ಸಾಟಾ ಕೇಬಲ್ಲನ್ನೇ ಡಿಸ್ಕಿಗೆ ನೇರವಾಗಿ ಕೊಡಿ. ಗ್ರೌಂಡ್ ಎಲ್ಲಕ್ಕೂ ಒಂದೇ ಆದ್ದರಿಂದ ತೊಂದರೆಯಿಲ್ಲ. ಅಡಾಪ್ಟರಿನ ತಂತಿಗಳ ಮೇಲಿನ ಭಾರವೂ ಅಷ್ಟು ಕಡಿಮೆಯಾಗುತ್ತದೆ.

ಜೋಡಿಸುವಾಗ ಗೋಡೆಯ ಪ್ಲಗ್ ಕಿತ್ತಿರಲಿ. ಹಳೆಯ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಏಕೆಂದರೆ 230 ವೋಲ್ಟ್ ಮೇನ್ಸ್‌ನಿಂದ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 320 ವೋಲ್ಟ್‌ಗೂ ಮೀರಿದ ಡಿಸಿ ತುಂಬಿಕೊಂಡಿದ್ದು, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಮೊದಲ ಸಲ ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೇ ಆನ್ ಮಾಡಿ. ಖಾಲಿ ಉಳಿದ ಯಾವುದಾದರೂ ಕನೆಕ್ಟರಿನಲ್ಲಿ ಹಳದಿ ತಂತಿ 11.4ರಿಂದ 12.6 ವೋಲ್ಟ್, ಕೆಂಪು ತಂತಿ 4.75ರಿಂದ 5.25 ವೋಲ್ಟ್ ತೋರಿಸಬೇಕು. ಎಟಿಎಕ್ಸ್‌ನಲ್ಲಿ ಇವೆರಡಕ್ಕೂ ಶೇಕಡಾ 5ರಷ್ಟು ಏರಿಳಿತಕ್ಕೆ ಅವಕಾಶವಿದೆ. ಎಲ್ಲ ಸರಿಯಿದ್ದರೆ ಆಫ್ ಮಾಡಿ ಕಾರ್ಡ್ ಕೂರಿಸಿ.

ಹೊಸ ಎಸ್‌ಎಂಪಿಎಸ್‌ನಲ್ಲಿ 8 ಪಿನ್‌ನ ಎರಡು ಬಗೆಯ ಕನೆಕ್ಟರ್‌ಗಳು ಬರುತ್ತವೆ. 4+4 ಆಗಿ ಬಿಡಿಸಬಹುದಾದದ್ದು ಪ್ರೊಸೆಸರಿನದು. ಅದರ ಅರ್ಧ ಭಾಗ ನಿಮ್ಮ ಬೋರ್ಡಿನ 4 ಪಿನ್ ಜಾಗಕ್ಕೆ ಹೋಗುತ್ತದೆ. 6+2 ಆಗಿರುವುದೇ ಗ್ರಾಫಿಕ್ಸ್ ಕಾರ್ಡಿನದು. ಎರಡರಲ್ಲಿಯೂ 12 ವೋಲ್ಟ್ ಮತ್ತು ಗ್ರೌಂಡ್ ಇರುವ ಬದಿಗಳು ಅದಲುಬದಲಾಗಿರುವುದರಿಂದ, ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಾಯದಿಂದ ತೂರಿಸಬಾರದು. ಸರಿಯಾದ ಕನೆಕ್ಟರ್ ಆದರೆ ಹೆಚ್ಚು ಬಲ ಹಾಕದೆಯೇ ಕೂತು ಕ್ಲಿಪ್ ಬೀಳುತ್ತದೆ.