ಟೆನ್ಸ್ ಪ್ಯಾಡ್ ಇಟ್ಟಾಗ ಆಗುವುದಕ್ಕೆ 'ಜೋಮು' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ,

ಮನೆಯಲ್ಲೇ ಟೆನ್ಸ್ ಯಂತ್ರ ಬಳಸುವವರಿಗಾಗಿ ಕನ್ನಡದಲ್ಲಿ ಒಂದು ಸೂಚನೆಯ ಹಾಳೆ ಬರೆಯುತ್ತಿದ್ದೇನೆ. ಸೊಂಟನೋವು, ಮಂಡಿನೋವಿಗೆ ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಸಣ್ಣಗೆ ಕರೆಂಟ್ ಕೊಡುತ್ತಾರಲ್ಲ, ಅದೇ. ಪಠ್ಯಪುಸ್ತಕದಲ್ಲಿ 'ವಿದ್ಯುದ್ವಾರ' ಇದೆ, ಆದರೆ ಹಾಳೆ ಓದುವವರಿಗೆ ಪ್ಯಾಡ್ ಅಂದರೇ ಸಲೀಸು, ಹಾಗೇ ಇಟ್ಟಿದ್ದೇನೆ. ತೊಡಕು ಇರುವುದು ಬೇರೆ ಕಡೆ.

ಕರೆಂಟ್ ಹದವಾಗಿದ್ದಾಗ ಚರ್ಮದ ಮೇಲೆ ಇರುವೆ ಹರಿದಂತೆ ಆಗುತ್ತದೆ. ಅದಕ್ಕೆ ಮೊದಲು ಬಾಯಿಗೆ ಬರುವ ಮಾತು 'ಜೋಮು'. ಆದರೆ ಮುಟ್ಟಿದರೂ ಗೊತ್ತಾಗದಂತೆ ಮರಗಟ್ಟುವುದಕ್ಕೂ ಜೋಮು ಅಂತಲೇ ಅನ್ನುತ್ತೇವೆ, ಅಲ್ವಾ? ಸಕ್ಕರೆ ಕಾಯಿಲೆ ಇರುವವರು 'ಪಾದ ಜೋಮು ಹಿಡಿದಿದೆ' ಅನ್ನುವಾಗ ಎಷ್ಟೋ ಸಲ ಈ ಅರ್ಥವೇ ಇರುತ್ತದೆ. ಸ್ಪರ್ಶ ಸರಿಯಾಗಿ ತಿಳಿಯದ ಜಾಗದಲ್ಲಿ ವೈದ್ಯರನ್ನು ಕೇಳದೆ ಪ್ಯಾಡ್ ಇಡಬಾರದು, ಯಾಕಂದ್ರೆ ಚರ್ಮ ಸುಡುತ್ತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ, ಕರೆಂಟ್ ಸಾಲದು ಅಂದುಕೊಂಡು ಇನ್ನೂ ಏರಿಸುತ್ತಾ ಹೋಗುತ್ತಾರೆ. ಈಗ ಒಂದೇ ಹಾಳೆಯಲ್ಲಿ 'ಜೋಮು ಅನ್ನಿಸುವವರೆಗೆ ಏರಿಸಿ' ಅಂತಲೂ 'ಜೋಮು ಇರುವ ಕಡೆ ಪ್ಯಾಡ್ ಬೇಡ' ಅಂತಲೂ ಬರೆದರೆ ಓದಿದವರು ಏನು ಮಾಡಬೇಕು? ಹಾಗಾಗಿ ಮೊದಲನೆಯದಕ್ಕೆ 'ಜುಮುಜುಮು', ಎರಡನೆಯದಕ್ಕೆ 'ಮುಟ್ಟಿದ್ದು ಗೊತ್ತಾಗದ ಜಾಗ' ಅಂತ ಯೋಚಿಸಿದ್ದೇನೆ.

ಇವೆರಡರ ಜೊತೆ 'ಉರಿ'ಯನ್ನೂ ಬೇರೆ ಮಾಡಿ ಹೇಳಬೇಕು. ಪ್ಯಾಡಿನ ಜೆಲ್ ಒಣಗಿ ಅಂಚು ಎದ್ದರೆ, ಅಷ್ಟೂ ಕರೆಂಟ್ ಇನ್ನೂ ಅಂಟಿಕೊಂಡಿರುವ ಚೂರು ಜಾಗದಲ್ಲೇ ಹರಿಯುತ್ತದೆ. 5 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಪ್ಯಾಡ್ ಅಂದರೆ 25 ಚದರ ಸೆಂ.ಮೀ. ಅದರ ಕಾಲು ಭಾಗ ಮಾತ್ರ ಅಂಟಿದ್ದರೆ ಅಲ್ಲಿ ಪ್ರತಿ ಚದರ ಸೆಂ.ಮೀ.ಗೆ ಹರಿಯುವ ಕರೆಂಟ್ ನಾಲ್ಕು ಪಟ್ಟಾಗಬಹುದು. ಈ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡ, ಐಇಸಿ 60601-2-10, ಚದರ ಸೆಂ.ಮೀ.ಗೆ 2 ಮಿಲಿಆಂಪಿಯರ್ ದಾಟುವ ಪ್ಯಾಡ್‌ಗಳ ಬಗ್ಗೆ ಬಳಸುವವರನ್ನು ಎಚ್ಚರಿಸಲೇಬೇಕು ಅನ್ನುತ್ತದೆ. ಜುಮುಜುಮು ಇದ್ದರೆ ಸರಿ, ಉರಿದರೆ ಅಥವಾ ಚುಚ್ಚಿದಂತಾದರೆ ತಕ್ಷಣ ಆಫ್ ಮಾಡಿ, ಆಮೇಲೆ ಪ್ಯಾಡ್ ತೆಗೆಯಿರಿ. ಇಷ್ಟು ಅನುಮಾನವಿಲ್ಲದೆ ತಿಳಿಯಬೇಕು.

ಇನ್ನೊಂದು, 'ಕುತ್ತಿಗೆ'. ಕುತ್ತಿಗೆಯ ಹಿಂದೆ ಪ್ಯಾಡ್ ಇಡುವುದುಂಟು, ಮುಂದೆ ಮಾತ್ರ ಖಂಡಿತ ಕೂಡದು. ಅಲ್ಲಿಯ ದೊಡ್ಡ ರಕ್ತನಾಳದಲ್ಲಿ ರಕ್ತದೊತ್ತಡ ಗಮನಿಸುವ ನರಗಳಿವೆ, ಅವು ಕೆರಳಿದರೆ ಎದೆಬಡಿತ ಇಳಿಯಬಹುದು. ಗಂಟಲಿನ ಸ್ನಾಯು ಬಿಗಿದು ಉಸಿರು ಕಟ್ಟಲೂಬಹುದು. ಬರೀ 'ಕುತ್ತಿಗೆ' ಅಂದರೆ ಎರಡೂ ಕಡೆ ಸೇರಿಬಿಡುತ್ತದೆ. 'ಗಂಟಲು' ಅಂದರೆ ಒಳಗಿನದ್ದು ಅಂದುಕೊಳ್ಳುತ್ತಾರೆ. ಒಂದೇ ಮಾತಿನಲ್ಲಿ ಹೇಳಲು ಏನಾದರೂ ಇದೆಯೇ?

ಸ್ನಾಯುವಿಗೆ ಕರೆಂಟ್ ಕೊಡುವ ಇಎಂಎಸ್ ಯಂತ್ರದಿಂದ ಸ್ನಾಯುವಿಗೆ ಆಗುವುದನ್ನು 'ಸೆಳೆತ' ಅನ್ನುವುದು ಬೇಡ ಅನ್ನಿಸುತ್ತದೆ, ನೋವೇ ನೆನಪಿಗೆ ಬರುತ್ತದೆ. 'ಬಿಗಿದು ಸಡಿಲಾಗುತ್ತದೆ' ಸಾಕಲ್ಲವೇ?

ಹುಬ್ಬಳ್ಳಿ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ಹೇಳಿ: ನಿಮ್ಮ ಮನೆಯ ಹಿರಿಯರು 'ಜುಮುಜುಮು' ಅಂದಾಗ ಏನು ಅರ್ಥ ಮಾಡಿಕೊಳ್ಳುತ್ತಾರೆ? ಮರಗಟ್ಟಿದ್ದಕ್ಕೆ ಅವರು ಬಳಸುವ ಮಾತು ಯಾವುದು? ಸುಮ್ನೆ ಪದ ಮಾತ್ರ ಬೇಡ, ಅವರು ಆಡುವ ವಾಕ್ಯವನ್ನೇ ಬರೆಯಿರಿ.